ದೋಷ ಎಲ್ಲಿದೆ ಎಂಬುದನ್ನು ಅಳೆದು ಹೇಳೋಣ

(ಬೇಗಂ ಬಜಾರಿನಲ್ಲಿ ಸೇರಿದ್ದ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸೌರ ಫಲಕದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ಮಿಡ್ಲ್ ಸ್ಕೂಲಿನ ಮೆಟ್ಟಿಲಿಳಿದು ನೇರವಾಗಿ ಹೋಟೆಲಿನ ಅಡಿಗೆಮನೆ ಹೊಕ್ಕವನು ನಾನು. ಲೋಟ ತೊಳೆದೆ, ಮಾಣಿಯಾದೆ, ಆಮೇಲೆ ಸಂಘದ ಕೆಲಸಕ್ಕೆ ಬಂದೆ. ವಿದ್ಯುಚ್ಛಕ್ತಿಯ ಶಾಸ್ತ್ರ ಓದಿದವನಲ್ಲ. ಆದರೆ ಕಳೆದ ಚಳಿಗಾಲದಲ್ಲಿ ನಮ್ಮ ಮಾಳಿಗೆಯ ಮೇಲೆ ನಡೆದ ಪ್ರಸಂಗದಲ್ಲಿ ತಪ್ಪು ಮಾಡಿದವನು ನಾನೇ, ಪಾಠ ಕಲಿತವನೂ ನಾನೇ. ಆದುದರಿಂದ ಅದನ್ನು ತಮ್ಮ ಮುಂದೆ ಒಪ್ಪಿಸುವ ಹೊಣೆಯೂ ನನ್ನದೇ.

ನಮ್ಮ ಕೋಣೆಗಳ ಮಾಳಿಗೆಯ ಮೇಲೆ ಎರಡು ಸೌರ ಫಲಕಗಳಿರುವುದು ತಮಗೆಲ್ಲ ಗೊತ್ತು. ತಾವು ಸಂಬಳದಲ್ಲಿ ಉಳಿಸಿ ಕೊಟ್ಟ ಹಣದಿಂದಲೇ ಅವು ಬಂದದ್ದು. ರಾತ್ರಿ ಹನ್ನೆರಡರವರೆಗೆ ಉರಿಯುತ್ತಿದ್ದ ದೀಪ, ತಿರುಗುತ್ತಿದ್ದ ಫ್ಯಾನು, ದೀಪಾವಳಿ ಕಳೆದ ಮೇಲೆ ಹನ್ನೊಂದೂ ಕಾಲಿಗೇ ನಿಲ್ಲತೊಡಗಿದವು. ಹೋಟೆಲು ಮುಚ್ಚಿ ಬರುವವರು ಕತ್ತಲಲ್ಲಿ ಚಾಪೆ ಹುಡುಕಬೇಕಾಯಿತು. ಫಲಕ ಒರೆಸುವ ಕೆಲಸ ಒಬ್ಬ ಹುಡುಗನದು. ಅದಕ್ಕಾಗಿ ಸಂಘ ಅವನಿಗೆ ತಿಂಗಳಿಗಿಷ್ಟು ಎಂದು ಕೊಡುತ್ತದೆ. ನಾನು ಹಿಂದುಮುಂದು ನೋಡದೆ "ನೀನು ಧೂಳು ಒರೆಸಿಲ್ಲ" ಎಂದು ಗದರಿಸಿ, ಆ ತಿಂಗಳ ಹಣ ತಡೆದೆ. "ದಿನವೂ ಒರೆಸಿದ್ದೇನೆ ಅಣ್ಣ" ಎಂದ. ನಾನು ನಂಬಲಿಲ್ಲ.

ಬಂಧುಗಳೆ, ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹೋಟೆಲಿನಲ್ಲಿ ದೋಸೆ ಹಿಟ್ಟು ಹುಳಿತು ಕೆಟ್ಟಿತೆಂದು ನನ್ನ ಮೂರು ದಿನದ ಸಂಬಳ ಮುರಿದರು. ಕೆಟ್ಟಿದ್ದು ಶೀತಪೆಟ್ಟಿಗೆಯ ಬಾಗಿಲಿನ ರಬ್ಬರು. ಅದನ್ನು ಯಾರೂ ನೋಡಲಿಲ್ಲ; ಕೈಗೆ ಸಿಕ್ಕವನು ನಾನು. ಆ ನೋವನ್ನು ಉಂಡವನೇ ಇನ್ನೊಬ್ಬ ಹುಡುಗನಿಗೆ ಅದನ್ನೇ ಬಡಿಸಿದೆ.

ನನ್ನನ್ನು ತಡೆದವರು ದಾಲ್ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನಮ್ಮ ಸದಸ್ಯರೊಬ್ಬರು. "ಮೊದಲು ಅಳೆಯೋಣ, ಆಮೇಲೆ ಬೈಯೋಣ" ಎಂದರು. ಫಲಕವನ್ನು ಬಿಚ್ಚಿ ನೋಡುವಂತಿಲ್ಲ. ಗಾಜು ಒಡೆದರೆ ಫಲಕವೇ ಹೋಯಿತು. ಹಾಗಾದರೆ ಒಳಗಿನ ದೋಷ ತಿಳಿಯುವುದು ಹೇಗೆ? ಈ ಬೇಗಂ ಬಜಾರಿನ ಪಾತ್ರೆ ಅಂಗಡಿಗಳಲ್ಲಿ ಹಿತ್ತಾಳೆ ಕೊಡ ಕೊಳ್ಳುವ ಹೆಂಗಸರು ಏನು ಮಾಡುತ್ತಾರೆ? ಬೆರಳಿನಿಂದ ತಟ್ಟಿ ಶಬ್ದ ಕೇಳುತ್ತಾರೆ. ಹೊರಗೆ ತಟ್ಟಿ ಒಳಗನ್ನು ಅರಿಯುವುದು. ಫಲಕವನ್ನೂ ಹಾಗೆಯೇ ತಟ್ಟಿ ನೋಡಬಹುದು.

ಅವರು ನನಗೆ ಹೇಳಿಕೊಟ್ಟ ಉಪಮಾನವನ್ನೇ ಹೇಳುತ್ತೇನೆ. ಹೋಟೆಲಿನ ಮೇಲಿನ ನೀರಿನ ತೊಟ್ಟಿಯನ್ನು ನೆನೆಯಿರಿ. ತೊಟ್ಟಿಗೆ ನೀರು ತುಂಬುವ ಪಂಪು ಸೂರ್ಯನ ಬೆಳಕು. ನೀರಿನ ಮಟ್ಟ ವೋಲ್ಟೇಜು; ನಲ್ಲಿಯಲ್ಲಿ ಹರಿಯುವ ನೀರು ಕರೆಂಟು. ಮಟ್ಟ ಏರಿದಾಗ ಹೆಚ್ಚಿನ ನೀರು ಮೇಲಿನ ಕಂಡಿಯಿಂದ ಚೆಲ್ಲಿಹೋಗುತ್ತದೆ. ಫಲಕದಲ್ಲಿ ಆ ಕೆಲಸ ಮಾಡುವುದು ಡಯೋಡು. ತೊಟ್ಟಿಯ ಗೋಡೆಯಲ್ಲಿ ಬಿರುಕಿದ್ದರೆ ನೀರು ಸದಾ ಜಿನುಗುತ್ತದೆ. ಕೆಳಗಿನ ಕೊಳವೆ ತುಕ್ಕು ಹಿಡಿದು ಕಿರಿದಾಗಿದ್ದರೆ ನಲ್ಲಿಗೆ ನೀರು ಸಾಲದು.

ಇಂಜಿನಿಯರುಗಳು ಫಲಕವನ್ನು ಕಾಗದದ ಮೇಲೆ ಬರೆಯುವಾಗ ಇಂಥದೇ ಚಿತ್ರ ಬರೆಯುತ್ತಾರೆ. ಅದರಲ್ಲಿ ಐದು ಗುಪ್ತ ಸಂಖ್ಯೆಗಳಿವೆ. ಪಂಪಿನ ನೀರೆಷ್ಟು ಎಂಬುದು ಒಂದು. ಬೆಳಕಿನಿಂದ ಹುಟ್ಟುವ ಕರೆಂಟು ಅದು. ಕಂಡಿ ಯಾವ ಮಟ್ಟದಲ್ಲಿದೆ, ಅದರಲ್ಲಿ ನೀರು ಎಷ್ಟು ಥಟ್ಟನೆ ಏರಿ ಹರಿಯುತ್ತದೆ ಎಂಬ ಎರಡು ಡಯೋಡಿಗೆ ಸೇರಿದವು. ನಾಲ್ಕನೆಯದು ಕೊಳವೆಯ ಇಕ್ಕಟ್ಟು, ಅಂದರೆ ಸರಣಿ ರೋಧ. ಐದನೆಯದು ಬಿರುಕಿನ ಲೆಕ್ಕ, ಅಂದರೆ ಪಾರ್ಶ್ವ ರೋಧ. ಈ ಐದರಲ್ಲಿ ಒಂದನ್ನೂ ಫಲಕದ ಬೆನ್ನಿನ ಚೀಟಿಯಲ್ಲಿ ಅಚ್ಚು ಹಾಕಿರುವುದಿಲ್ಲ.

ಹಾಗಾದರೆ ಚೀಟಿಯಲ್ಲಿ ಏನಿದೆ? 330 ವ್ಯಾಟಿನ ಒಂದು ಫಲಕದ ಉದಾಹರಣೆ ತೆಗೆದುಕೊಳ್ಳಿ. ಏನೂ ಜೋಡಿಸದಿದ್ದಾಗ 46 ವೋಲ್ಟ್. ಎರಡು ತಂತಿ ಸೇರಿಸಿದಾಗ 9.2 ಆಂಪಿಯರ್. ಹೆಚ್ಚು ಶಕ್ತಿ ಕೊಡುವಾಗ 37.5 ವೋಲ್ಟ್, 8.8 ಆಂಪಿಯರ್. ಇವು ಕಾರ್ಖಾನೆಯ ಪರೀಕ್ಷೆಯ ಅಂಕೆಗಳು: ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಫಲಕದ ಶಾಖ 25 ಡಿಗ್ರಿ. ಮಾರುವವರು ಮೀಟರು ಹಿಡಿದು ತೋರಿಸುವುದು ಸಾಮಾನ್ಯವಾಗಿ ಮೊದಲಿನ ಎರಡನ್ನೇ. ಅಲ್ಲಿಯೇ ಮೋಸ ಹೋಗುವ ಸಂಭವ. ಕೊಳವೆ ಎಷ್ಟೇ ಕಿರಿದಾಗಿರಲಿ, ನಲ್ಲಿ ಮುಚ್ಚಿದ್ದರೆ ತೊಟ್ಟಿಯ ಮಟ್ಟ ಸರಿಯಾಗಿಯೇ ಇರುತ್ತದೆ. ಒಂದು ಓಮ್ ರೋಧ ಹೆಚ್ಚಾದರೂ ಆ 46 ವೋಲ್ಟ್ ಕದಲುವುದಿಲ್ಲ, 9.2 ಆಂಪಿಯರ್ ಕೂಡ ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಆದರೆ 8.8 ಆಂಪಿಯರ್ ಹರಿಯುವಾಗ ಆ ಒಂದು ಓಮ್ ನುಂಗುವುದು 8.8 ಗುಣಿಸು 8.8, ಅಂದರೆ ಸುಮಾರು 77 ವ್ಯಾಟ್! ಭಾರ ಹೊರಿಸಿ ನೋಡದೆ ಎತ್ತಿನ ಬಲ ತಿಳಿಯದು.

ಭಾರ ಹೊರಿಸಲು ನಮ್ಮವರು ತಂದದ್ದು ಏನನ್ನು? ಹೋಟೆಲಿನ ನೀರು ಕಾಯಿಸುವ ಹೀಟರಿನ ಕಾಯಿಲ್‌ಗಳನ್ನು! 230 ವೋಲ್ಟಿನಲ್ಲಿ 2000 ವ್ಯಾಟಿನ ಒಂದು ಕಾಯಿಲ್ ಎಂದರೆ ಸುಮಾರು 26 ಓಮ್. ಅಕ್ಕಪಕ್ಕ ಎರಡು ಜೋಡಿಸಿದರೆ 13. ಐದು ಜೋಡಿಸಿದರೆ 5.3, ಆರು ಜೋಡಿಸಿದರೆ 4.4. ಒಂದೊಂದೇ ಹೆಚ್ಚಿಸುತ್ತ ಪ್ರತಿ ಸಲವೂ ವೋಲ್ಟೇಜು ಮತ್ತು ಕರೆಂಟು ಬರೆದುಕೊಂಡೆವು. ಎರಡು ಫಲಕಗಳನ್ನೂ ಒಂದೇ ಬಿಸಿಲಿನಲ್ಲಿ, ಒಂದರ ಹಿಂದೆ ಒಂದು ಅಳೆದೆವು. ಬೆಳಕು, ಶಾಖ ಎರಡಕ್ಕೂ ಒಂದೇ ಆದುದರಿಂದ ಹೋಲಿಕೆ ನ್ಯಾಯವಾದುದು.

ಫಲ ಕೇಳಿರಿ. ಭಾರವಿಲ್ಲದೆ ಎರಡೂ 42 ವೋಲ್ಟ್. ತಂತಿ ಸೇರಿಸಿದಾಗ ಎರಡೂ 8.3 ಆಂಪಿಯರ್. ಇಲ್ಲಿಯೇ ನನ್ನ ಮುಖ ಸಣ್ಣದಾಯಿತು. ಏಕೆಂದರೆ ಧೂಳು ಬೆಳಕನ್ನು ತಡೆಯುವಂಥದು. ಧೂಳಿದ್ದಿದ್ದರೆ ಈ 8.3 ಇಳಿಯಬೇಕಿತ್ತು. ಇಳಿದಿರಲಿಲ್ಲ. ಹುಡುಗ ಒರೆಸಿದ್ದ! ಆರು ಕಾಯಿಲ್ ಜೋಡಿಸಿದಾಗ ಒಳ್ಳೆಯ ಫಲಕ 33.5 ವೋಲ್ಟ್, 7.6 ಆಂಪಿಯರ್ ಕೊಟ್ಟಿತು; ಇನ್ನೊಂದು 29.5 ವೋಲ್ಟ್, 6.7 ಆಂಪಿಯರ್. ಒಳ್ಳೆಯದಕ್ಕೆ ಐದೇ ಕಾಯಿಲ್ ಜೋಡಿಸಿದಾಗ ಅದೂ 6.7 ಆಂಪಿಯರಿಗೆ ಬಂತು; ಆದರೆ ಆಗ ಅದರ ವೋಲ್ಟೇಜು 35.8. ಅದೇ ಕರೆಂಟಿನಲ್ಲಿ 6.3 ವೋಲ್ಟ್ ವ್ಯತ್ಯಾಸ. 6.3ನ್ನು 6.7ರಿಂದ ಭಾಗಿಸಿದರೆ ಒಂದು ಓಮಿಗೆ ಸ್ವಲ್ಪ ಕಡಿಮೆ. ಕಣ್ಣಿಗೆ ಕಾಣದ ರೋಧದ ಬೆಲೆ ಕಾಗದದ ಮೇಲೆ ಬಂದು ಕೂತಿತು. ಫಲಕದ ಬೆನ್ನಿನ ಪೆಟ್ಟಿಗೆ ತೆರೆದು ನೋಡಿದರೆ ತಂತಿಯ ಒಂದು ಜೋಡಣೆ ಸಡಿಲಾಗಿ ಕಪ್ಪಾಗಿತ್ತು. ಅಲ್ಲಿ ಸುಡುತ್ತಿದ್ದದ್ದು 40 ವ್ಯಾಟಿನಷ್ಟು ಶಾಖ. ಬೆಸುಗೆ ಕಡ್ಡಿಯ ಬಿಸಿ! ಇನ್ನೂ ಕೆಲವು ತಿಂಗಳು ಹುಡುಗನನ್ನೇ ಬೈಯುತ್ತ ಕೂತಿದ್ದರೆ ಬೆಂಕಿಯೇ ಬೀಳಬಹುದಿತ್ತು.

ನಾವು ಹುಡುಕಿದ್ದು ಐದರಲ್ಲಿ ಒಂದನ್ನು, ಅದೂ ಪಕ್ಕದ ಫಲಕ ಇದ್ದುದರಿಂದ. ವಿದ್ವಾಂಸರು ಐದನ್ನೂ ಒಟ್ಟಿಗೆ ಹುಡುಕುತ್ತಾರೆ. ಅವರ ದಾರಿಯೂ ನಮ್ಮ ಅಡಿಗೆಯವರ ದಾರಿಯೇ. ಬೇರೆ ಹೋಟೆಲಿನ ಸಾಂಬಾರು ಸವಿದು ಬಂದ ಭಟ್ಟರು ಹುಳಿ ಇಷ್ಟು, ಖಾರ ಇಷ್ಟು ಎಂದು ಅಂದಾಜು ಮಾಡಿ ತಾವೂ ಕುದಿಸಿ, ರುಚಿ ನೋಡಿ, ತಿದ್ದುತ್ತಾರಲ್ಲವೆ? ಹಾಗೆಯೇ ಐದು ಸಂಖ್ಯೆ ಊಹಿಸಿ, ಲೆಕ್ಕದಿಂದ ಬಂದ ಕರೆಂಟನ್ನು ಅಳೆದ ಕರೆಂಟಿನೊಡನೆ ಹೋಲಿಸಿ, ವ್ಯತ್ಯಾಸ ಕಡಿಮೆಯಾಗುವವರೆಗೆ ಗಣಕಯಂತ್ರ ತಿದ್ದುತ್ತ ಹೋಗುತ್ತದೆ. 1986ರಲ್ಲಿ ಈಶ್ವರಕಾಂತನ್ ಮತ್ತು ಅವರ ಸಂಗಡಿಗರು 57 ಮಿಲಿಮೀಟರ್ ಅಗಲದ ಒಂದು ಫ್ರೆಂಚ್ ಸೌರ ಕೋಶದ 26 ಅಳತೆಗಳನ್ನು ಪ್ರಕಟಿಸಿದರು. ಅಂದಿನಿಂದ ಹೊಸ ವಿಧಾನ ಕಂಡುಹಿಡಿದವರು ಅದೇ 26 ಅಳತೆಗಳ ಮೇಲೆ ತಮ್ಮ ವಿಧಾನವನ್ನು ಒರೆಗೆ ಹಚ್ಚುತ್ತ ಬಂದಿದ್ದಾರೆ. ಆ ಕೋಶದ ಸರಣಿ ರೋಧ ಸುಮಾರು 0.036 ಓಮ್, ಪಾರ್ಶ್ವ ರೋಧ ಸುಮಾರು 54 ಓಮ್ ಎಂದು ಬರುತ್ತದೆ. ಹಕ್ಕಿಗಳ ಹಿಂಡು ಕಾಳು ಹುಡುಕುವ ರೀತಿಯನ್ನು ಅನುಸರಿಸಿ 1995ರಲ್ಲಿ ಹುಟ್ಟಿದ ಒಂದು ವಿಧಾನವನ್ನೂ ಈ ಕೆಲಸಕ್ಕೆ ಹಚ್ಚಿದ್ದಾರೆ.

ಇದರಲ್ಲಿ ಎಚ್ಚರಿಕೆಯೂ ಬೇಕು. ಹುಣಸೆ ಸ್ವಲ್ಪ ಹೆಚ್ಚು, ಬೆಲ್ಲ ಸ್ವಲ್ಪ ಹೆಚ್ಚು ಹಾಕಿದರೂ ನಾಲಿಗೆಗೆ ಅದೇ ಸಾಂಬಾರು ಎನಿಸಬಹುದು. ಹಾಗೆಯೇ ಡಯೋಡಿನ ಎರಡು ಸಂಖ್ಯೆಗಳನ್ನು ಒಟ್ಟಿಗೆ ಸರಿಸಿದರೆ ಬೇರೆ ಬೇರೆ ಉತ್ತರಗಳೂ ಹೆಚ್ಚು ಕಡಿಮೆ ಒಂದೇ ಗೆರೆ ಕೊಡುತ್ತವೆ. ಚೀಟಿಯ ಮೂರು ಅಳತೆಗಳಿಂದ ಐದು ಗುಟ್ಟು ಪೂರ್ತಿ ಹೊರಡುವುದಿಲ್ಲ. ಅಳತೆಗಳು ಹಲವು ಬೇಕು; ಗೆರೆ ಬಾಗುವ ಮೊಣಕಾಲಿನ ಬಳಿಯಂತೂ ಒತ್ತೊತ್ತಾಗಿ ಬೇಕು. ಬಿರುಕಿನ ದೋಷ ಹುಡುಕುವವರು ಮಂದ ಬೆಳಕಿನಲ್ಲಿಯೂ ಅಳೆಯಬೇಕು. ಪಂಪಿನ ನೀರು ಕಡಿಮೆಯಾದಾಗಲೂ ಬಿರುಕಿನ ಸೋರಿಕೆ ಅಷ್ಟೇ ಇರುವುದರಿಂದ ಆಗ ಅದು ಎದ್ದು ಕಾಣುತ್ತದೆ.

ಮಾರಾಟಗಾರರ ಮೇಲೂ ಅನ್ಯಾಯ ಮಾಡಬಾರದು. ಮೇ ತಿಂಗಳ ಮಧ್ಯಾಹ್ನ ಫಲಕದ ಶಾಖ 65 ಡಿಗ್ರಿ ಮುಟ್ಟಬಹುದು. 25ರ ಮೇಲೆ ಡಿಗ್ರಿಗೆ ನೂರಕ್ಕೆ 0.3ರಿಂದ 0.4ರಂತೆ ಶಕ್ತಿ ಇಳಿಯುತ್ತದೆ. ಅಂದರೆ 330 ವ್ಯಾಟಿನಲ್ಲಿ 40ರಿಂದ 50 ವ್ಯಾಟ್ ಬಿಸಿಲಿನ ಪಾಲು. ಆ ಲೆಕ್ಕ ಕಳೆಯದೆ ಜಗಳಕ್ಕೆ ಹೋಗಬಾರದು.

ಇದು ಎರಡು ಫಲಕಗಳ ಮಾತು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ 2019ರ ಕೊನೆಗೆ ಪೂರ್ಣವಾಯಿತು. ಅಲ್ಲಿ ನೂರಕ್ಕೆ ಒಂದು ಪಾಲು ಕುಗ್ಗಿದರೂ 20 ಮೆಗಾವ್ಯಾಟ್ ಹೋದಂತೆ. ಇಂಥ ದೊಡ್ಡ ಸ್ಥಾವರಗಳಲ್ಲಿ ಫಲಕ ತೊಳೆಯುವವರೂ ನಮ್ಮಂಥ ಕೂಲಿಗಾರರೇ. ಇನ್ನು 2024ರಲ್ಲಿ ಕೇಂದ್ರ ಸರ್ಕಾರ ಒಂದು ಕೋಟಿ ಮನೆಗಳ ಮಾಳಿಗೆಗೆ ಸೌರ ಫಲಕ ಏರಿಸುವ ಯೋಜನೆ ಸಾರಿದೆ. ಈ ಕೆಲಸಕ್ಕೆ ನಮ್ಮ ಹುಡುಗರು ಹೋಗುತ್ತಾರೆ. ಉತ್ಪತ್ತಿ ಕುಗ್ಗಿದರೆ ಮೊದಲು ಬೆರಳು ತಿರುಗುವುದು ಒರೆಸುವವನ ಕಡೆಗೆ. ಆಗ ಅವನು "ಸ್ವಾಮಿ, ಗೆರೆ ತೆಗೆದು ನೋಡಿ, ತಂತಿ ಸೇರಿಸಿದಾಗಿನ ಕರೆಂಟು ಇಳಿದಿದೆಯೋ, ಮೊಣಕಾಲು ಕುಸಿದಿದೆಯೋ?" ಎಂದು ಕೇಳಬಲ್ಲವನಾಗಬೇಕು.

ಒಂದು ಮಾತು ಮರೆಯಬೇಡಿ. ಇದನ್ನು ಬಲ್ಲ ಎಲೆಕ್ಟ್ರಿಷಿಯನ್ ಇಲ್ಲದೆ ಮಾಡಕೂಡದು. ಒಂದು ಫಲಕವನ್ನು ಬೇರೆ ಮಾಡಿ ಅಳೆಯಬೇಕು. ಜೋಡಿಸುವಾಗ, ಬಿಚ್ಚುವಾಗ ಫಲಕದ ಮೇಲೆ ದಪ್ಪ ಕಂಬಳಿ ಹೊದಿಸಬೇಕು. ಹತ್ತು ಫಲಕ ಸಾಲಾಗಿ ಸೇರಿದರೆ 400 ವೋಲ್ಟ್ ಮೀರುತ್ತದೆ. ಅದು ಪ್ರಾಣ ತೆಗೆಯುತ್ತದೆ. ಕರೆಂಟು ಹರಿಯುವಾಗ ಜೋಡಣೆ ಎಳೆದರೆ ಕಿಡಿ ಹತ್ತಿ ನಿಲ್ಲುವುದೇ ಇಲ್ಲ. ಕಾಯಿಲ್‌ಗಳೂ ಕಾಯುತ್ತವೆ, ಬರಿಗೈ ತಾಗಿಸಬೇಡಿ.

ಜೋಡಣೆ ಸರಿಪಡಿಸಿದ ಮೇಲೆ ದೀಪ ಮತ್ತೆ ಹನ್ನೆರಡರವರೆಗೆ ಉರಿಯುತ್ತಿದೆ. ತಡೆದ ಹಣವನ್ನು ಮರುದಿನವೇ ಕೊಟ್ಟೆ. ಆದರೆ ಗದರಿಸಿದ್ದು ನಾಲ್ಕು ಜನರ ಮುಂದೆ, ಆದುದರಿಂದ ಕ್ಷಮೆಯೂ ನಾಲ್ಕು ಜನರ ಮುಂದೆಯೇ ಆಗಬೇಕು. ಆ ಹುಡುಗ ಈ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ತಮ್ಮಾ, ತಪ್ಪು ನನ್ನದು.

ಅಧ್ಯಕ್ಷರಲ್ಲಿ ನನ್ನದೊಂದು ಸೂಚನೆ: ವರ್ಷಕ್ಕೆ ಎರಡು ಸಲ ನಮ್ಮ ಫಲಕಗಳನ್ನು ಹೀಗೆ ಅಳೆದು, ಅಂಕೆಗಳನ್ನು ಸಂಘದ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡಬೇಕು. ಅಳೆಯುವುದನ್ನು ಆ ಹುಡುಗನಿಗೂ ಕಲಿಸಬೇಕು. ಸಭೆ ಇದನ್ನು ಒಪ್ಪಬೇಕೆಂದು ಕೇಳಿಕೊಳ್ಳುತ್ತೇನೆ.