ಕಿವಿಯಿಂದ ಓದುವವರು

ರೇಡಿಯೋ ಭಾಷಣ ಬರೆಯಲು ಕುಳಿತವನಿಗೆ ಹಿರಿಯರು ಮೊದಲು ಹೇಳುವ ಮಾತೊಂದುಂಟು: ಕೇಳುವವರ ಮುಂದೆ ಕಾಗದವಿಲ್ಲ, ಚಿತ್ರವಿಲ್ಲ, ಆದುದರಿಂದ 'ಕೆಳಗೆ ಕಾಣಿಸಿರುವಂತೆ' ಎಂದಾಗಲಿ, 'ಕೆಂಪಕ್ಷರದಲ್ಲಿರುವುದನ್ನು ನೋಡಿ' ಎಂದಾಗಲಿ ಬರೆಯತಕ್ಕದ್ದಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮಾತಿನಿಂದಲೇ ತಿಳಿಯಬೇಕು. ಈ ಸಣ್ಣ ಪಾಠವನ್ನು ಜಾಲತಾಣ ಕಟ್ಟುವವರೂ ಕಲಿತಿದ್ದರೆ ಎಷ್ಟೋ ಜನಕ್ಕೆ ಉಪಕಾರವಾಗುತ್ತಿತ್ತು. ಏಕೆಂದರೆ ಜಾಲತಾಣವನ್ನು ಕಣ್ಣಿನಿಂದಲ್ಲದೆ ಕಿವಿಯಿಂದ ಓದುವವರು ನಮ್ಮ ನಡುವೆಯೇ ಇದ್ದಾರೆ.

ಭದ್ರಾವತಿಯ ಪೇಪರ್ ಟೌನಿನಲ್ಲಿ ನನ್ನ ಸ್ನೇಹಿತರೊಬ್ಬರಿದ್ದಾರೆ. ನಿವೃತ್ತ ಉಪಾಧ್ಯಾಯರು. ಗ್ಲಾಕೋಮಾದಿಂದ ಅವರ ದೃಷ್ಟಿ ಹೋಯಿತು. ಅರವತ್ತು ದಾಟಿದ ಮೇಲೆ ಅವರು ಸ್ಕ್ರೀನ್ ರೀಡರನ್ನು ಬಳಸಲು ಕಲಿತರು. ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಅದು. ಈಗ ಪತ್ರಿಕೆಯನ್ನು ತಾವೇ ಓದುತ್ತಾರೆ, ಮಗಳಿಗೆ ಪತ್ರವನ್ನು ತಾವೇ ಬರೆಯುತ್ತಾರೆ. ಕಳೆದ ವರ್ಷ ಒಂದು ಕಚೇರಿಯ ಜಾಲತಾಣದಲ್ಲಿ ಅರ್ಜಿ ತುಂಬಬೇಕಾಗಿ ಬಂತು. ಮುಕ್ಕಾಲು ಗಂಟೆ ಶ್ರಮಪಟ್ಟು ಕೊನೆಯ ತನಕ ಹೋದರು. ಅಲ್ಲಿ ಸೊಟ್ಟಸೊಟ್ಟ ಅಕ್ಷರಗಳ ಚಿತ್ರವೊಂದನ್ನು ನೋಡಿ ಬರೆಯಬೇಕಾಗಿತ್ತು. ಅದನ್ನು ಕೇಳಿಸಿಕೊಳ್ಳುವ ಏರ್ಪಾಡು ಇರಲಿಲ್ಲ. ಪಕ್ಕದ ಮನೆಯ ಹುಡುಗನನ್ನು ಕರೆದು, ಪಾಸ್‌ವರ್ಡನ್ನೂ ಮೊಬೈಲಿಗೆ ಬಂದ ಒಟಿಪಿಯನ್ನೂ ಅವನಿಗೆ ಒಪ್ಪಿಸಿ ಕೆಲಸ ಮುಗಿಸಿದರು. "ಹುಡುಗ ಒಳ್ಳೆಯವನು, ಅದು ಬೇರೆ ಮಾತು. ಆದರೆ ನನ್ನ ಬ್ಯಾಂಕಿನ ಲೆಕ್ಕ ಅವನಿಗೇಕೆ ತಿಳಿಯಬೇಕು ಸ್ವಾಮಿ?" ಎಂದು ಅವರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನಿಮ್ಮ ಶಾಲೆಗೋ ಸಹಕಾರ ಸಂಘಕ್ಕೋ ಅಂಗಡಿಗೋ ಜಾಲತಾಣವಿದ್ದರೆ, ಅದು ಇಂಥವರಿಗೆ ಒದಗುತ್ತದೆಯೆ ಎಂದು ನೀವೇ ಪರೀಕ್ಷಿಸಬಹುದು. ಇದಕ್ಕೆ ಎಂಜಿನಿಯರ್ ಆಗಬೇಕಾಗಿಲ್ಲ.

ಮೊದಲನೆಯದಾಗಿ, ಮೌಸನ್ನು ತೆಗೆದು ಪಕ್ಕಕ್ಕಿಡಿ. ಟ್ಯಾಬ್ ಕೀಲಿಯನ್ನು ಒತ್ತಿದರೆ ಒಂದು ಕೊಂಡಿಯಿಂದ ಮುಂದಿನದಕ್ಕೆ ಹೋಗುತ್ತೀರಿ. ಶಿಫ್ಟ್ ಹಿಡಿದು ಟ್ಯಾಬ್ ಒತ್ತಿದರೆ ಹಿಂದಕ್ಕೆ. ಎಂಟರ್ ಒತ್ತಿದರೆ ಕೊಂಡಿ ತೆರೆಯಬೇಕು, ಸ್ಪೇಸ್ ಒತ್ತಿದರೆ ಚೌಕದಲ್ಲಿ ಗುರುತು ಬೀಳಬೇಕು. ಹೀಗೆ ಹೋಗುವಾಗ ಮೂರು ಸಂಗತಿಗಳನ್ನು ಗಮನಿಸಿ. ಈಗ ಎಲ್ಲಿದ್ದೀರಿ ಎಂಬುದನ್ನು ತೋರಿಸುವ ಗೆರೆ ಕಾಣುತ್ತದೆಯೆ? ಅಂದ ಕೆಡುತ್ತದೆಂದು ಆ ಗೆರೆಯನ್ನು ಅಳಿಸಿಬಿಡುವವರು ಬಹಳ. ಹೆಸರು, ವಿಳಾಸ, ಊರು ಎಂಬ ಕ್ರಮದಲ್ಲಿ ಸಾಗುತ್ತೀರೋ, ಇಲ್ಲವೆ ಹೆಸರಿನಿಂದ ಪುಟದ ತಳಕ್ಕೆ ಹಾರುತ್ತೀರೋ? ನಡುವೆ ತೆರೆದುಕೊಂಡ ಸಣ್ಣ ಕಿಟಕಿಯಿಂದ ಎಸ್ಕೇಪ್ ಒತ್ತಿ ಹೊರಬರಬಹುದೆ, ಇಲ್ಲವೆ ಅಲ್ಲೇ ಸಿಕ್ಕಿಬೀಳುತ್ತೀರೋ? ಪುಟದ ತಲೆಯಲ್ಲಿ ಮೂವತ್ತು ಕೊಂಡಿಗಳಿದ್ದರೆ, ವಿಷಯ ಮುಟ್ಟುವ ಮೊದಲು ಪ್ರತಿ ಪುಟದಲ್ಲಿಯೂ ಮೂವತ್ತು ಸಲ ಒತ್ತಬೇಕು. 'ಮುಖ್ಯ ವಿಷಯಕ್ಕೆ ಹೋಗಿ' ಎಂಬ ಒಂದೇ ಕೊಂಡಿಯನ್ನು ಮೊದಲಲ್ಲಿಟ್ಟರೆ ಈ ಕಷ್ಟ ತಪ್ಪುತ್ತದೆ. ಕೈ ನಡುಗುವವರಿಗೂ, ಒಂದು ಕೈ ಸ್ವಾಧೀನ ತಪ್ಪಿದವರಿಗೂ ಇದೇ ದಾರಿ ಎಂಬುದನ್ನು ಮರೆಯಬಾರದು.

ಎರಡನೆಯದು ಕಿವಿಯ ಪರೀಕ್ಷೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ವಿಂಡೋಸ್ ಕಂಪ್ಯೂಟರಿಗೆ ಉಚಿತವಾಗಿ ದೊರೆಯುತ್ತದೆ. ೨೦೦೬ರಲ್ಲಿ ಇದನ್ನು ಆರಂಭಿಸಿದವರು ಆಸ್ಟ್ರೇಲಿಯಾದ ಮೈಕೆಲ್ ಕರನ್. ಬೇಗನೆ ಜೇಮ್ಸ್ ಟೆಹ್ ಅವರ ಜೊತೆಗೂಡಿದರು. ಇಬ್ಬರೂ ದೃಷ್ಟಿಯಿಲ್ಲದವರೇ. ಅದನ್ನು ಹಾಕಿಕೊಂಡು, ಪರದೆಯನ್ನು ಆರಿಸಿ ಕುಳಿತುಕೊಳ್ಳಿ. ಎಚ್ ಕೀಲಿ ಒತ್ತಿದರೆ ಶೀರ್ಷಿಕೆಯಿಂದ ಶೀರ್ಷಿಕೆಗೆ, ಕೆ ಒತ್ತಿದರೆ ಕೊಂಡಿಯಿಂದ ಕೊಂಡಿಗೆ, ಎಫ್ ಒತ್ತಿದರೆ ಅರ್ಜಿಯ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಬಹುದು. ಅಕ್ಷರವನ್ನು ಬರಿದೆ ದಪ್ಪ ಮಾಡಿ, ಅದನ್ನು ಶೀರ್ಷಿಕೆಯೆಂದು ಗುರುತಿಸದೆ ಬಿಟ್ಟಿದ್ದರೆ ಎಚ್ ಕೀಲಿಗೆ ಏನೂ ಸಿಕ್ಕುವುದಿಲ್ಲ. ಎಲ್ಲ ಕೊಂಡಿಗಳಿಗೂ 'ಇಲ್ಲಿ ಒತ್ತಿ' ಎಂದೇ ಬರೆದಿದ್ದರೆ, ಹತ್ತು ಸಲ 'ಇಲ್ಲಿ ಒತ್ತಿ' ಕೇಳಿಸುತ್ತದೆ. ಯಾವುದು ಶುಲ್ಕದ್ದು, ಯಾವುದು ಪರೀಕ್ಷೆಯದು? ಖಾನೆಗೆ ಹೆಸರನ್ನು ಸರಿಯಾಗಿ ಜೋಡಿಸದಿದ್ದರೆ ಅದು ಖಾಲಿಯಿದೆ ಎಂದಷ್ಟೆ ಕೇಳಿಸುತ್ತದೆ, ಅಲ್ಲಿ ಏನು ಬರೆಯಬೇಕೆಂದು ತಿಳಿಯುವುದಿಲ್ಲ. ತಪ್ಪಾದ ಖಾನೆಗೆ ಕೆಂಪು ಬಣ್ಣ ಬಳಿದು ಸುಮ್ಮನಾದರೆ, ಕಿವಿಗೆ ಆ ಕೆಂಪು ಕೇಳಿಸುವುದಾದರೂ ಹೇಗೆ?

ಕನ್ನಡದವರಾದ ನಮಗೆ ಇನ್ನೂ ಒಂದು ತೊಡಕುಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡ ಕಣ್ಣಿಗೆ ಮಾತ್ರ ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಗೋಜಲು. ಯಂತ್ರ ಆ ಗೋಜಲನ್ನೇ ಓದುತ್ತದೆ. ಮುದ್ರೆ ಒತ್ತಿ, ಸಹಿ ಹಾಕಿ, ಸ್ಕ್ಯಾನ್ ಮಾಡಿ ಏರಿಸಿದ ಸುತ್ತೋಲೆಯಾದರೋ ಬರಿಯ ಚಿತ್ರ. ಅದರಿಂದ ಮಾತೇ ಹೊರಡುವುದಿಲ್ಲ. ಸುತ್ತೋಲೆಯ ಬರಹವನ್ನು ಯೂನಿಕೋಡಿನಲ್ಲಿಯೂ ಜೊತೆಗಿಟ್ಟರೆ ಆಯಿತು. ಪುಟದ ಭಾಷೆ ಕನ್ನಡವೆಂದು ಒಳಗೆ ಗುರುತಿಸಿದ್ದರೆ, ಓದುವ ಯಂತ್ರಕ್ಕೆ ಕನ್ನಡದ ಧ್ವನಿಯನ್ನು ಆರಿಸಿಕೊಳ್ಳುವುದು ಸುಲಭವಾಗುತ್ತದೆ.

ಇದನ್ನೆಲ್ಲ ತಾನೇ ಪರೀಕ್ಷಿಸುವ ತಂತ್ರಾಂಶಗಳೂ ಇವೆ. ಅವು ಉಪಯುಕ್ತ, ಆದರೆ ಅವುಗಳ ಮಾತೇ ಕೊನೆಯ ಮಾತಲ್ಲ. ಜೋಗದ ಚಿತ್ರವೊಂದನ್ನು ಹಾಕಿ, ಅದರ ವಿವರಣೆಯ ಜಾಗದಲ್ಲಿ 'ಚಿತ್ರ' ಎಂದಷ್ಟೆ ಬರೆದಿದ್ದರೂ, ವಿವರಣೆ ಇದೆಯಲ್ಲ ಎಂದು ಯಂತ್ರ ಒಪ್ಪಿಬಿಡಬಹುದು. ಅದರಿಂದ ಕೇಳುವವನಿಗೆ ಏನಾದರೂ ತಿಳಿಯಿತೆ ಎಂಬುದನ್ನು ಮನುಷ್ಯನೇ ಹೇಳಬೇಕು. ಶಿವಮೊಗ್ಗದಲ್ಲಿ ಶಾರದಾದೇವಿ ಅಂಧರ ವಿಕಾಸ ಕೇಂದ್ರವಿದೆ. ಎಂಜಿನಿಯರಿಂಗ್ ಕಾಲೇಜುಗಳೂ ಇವೆ. ಜಾಲತಾಣ ಕಟ್ಟಲು ಕಲಿಯುವ ವಿದ್ಯಾರ್ಥಿಗಳು ಸ್ಕ್ರೀನ್ ರೀಡರನ್ನು ದಿನವೂ ಬಳಸುವವರೊಡನೆ ಒಂದು ಮಧ್ಯಾಹ್ನ ಕುಳಿತರೆ, ಪುಸ್ತಕದಲ್ಲಿ ಸಿಕ್ಕದ ಪಾಠ ಸಿಕ್ಕೀತು. ಅಂಥವರಿಂದ ಪರೀಕ್ಷೆ ಮಾಡಿಸಿದಾಗ ತಕ್ಕ ಸಂಭಾವನೆ ಕೊಡುವುದೂ ನ್ಯಾಯ. ಅದು ಅವರ ಪರಿಣತಿ.

ಇದು ದಾನಧರ್ಮದ ಮಾತಲ್ಲವೆಂಬುದನ್ನೂ ಹೇಳಬೇಕು. ಜಾಲತಾಣಗಳು ಹೇಗಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಮೊದಲು ಹೊರಬಂದದ್ದು ೧೯೯೯ರಲ್ಲಿ, ಅದರ ೨.೨ನೆಯ ಆವೃತ್ತಿ ೨೦೨೩ರಲ್ಲಿ ಬಂದಿತು. ನಮ್ಮ ದೇಶದ ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ ಈ ಸೌಲಭ್ಯದ ಮಾತಿದೆ. ಆಸಿಡ್ ದಾಳಿಗೆ ತುತ್ತಾದವರೂ ದೃಷ್ಟಿಯಿಲ್ಲದವರೊಬ್ಬರೂ ತಂದ ಅರ್ಜಿಗಳ ಮೇಲೆ ಸರ್ವೋಚ್ಚ ನ್ಯಾಯಾಲಯವು ೨೦೨೫ರ ಏಪ್ರಿಲ್ ೩೦ರಂದು ತೀರ್ಪು ಕೊಡುತ್ತ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆ ಎಂದು ಹೇಳಿತು.

ಕಾನೂನು ತನ್ನ ಕೆಲಸ ಮಾಡಲಿ. ನೀವು ನಾಳೆ ಹತ್ತು ನಿಮಿಷ ಬಿಡುವು ಮಾಡಿಕೊಂಡು, ನಿಮ್ಮ ಸಂಸ್ಥೆಯ ಜಾಲತಾಣವನ್ನು ಮೌಸಿಲ್ಲದೆ ಒಮ್ಮೆ ಸುತ್ತಿ ಬನ್ನಿ. ಎಲ್ಲಿ ದಾರಿ ತಪ್ಪಿತೆಂಬುದನ್ನು ಒಂದು ಚೀಟಿಯಲ್ಲಿ ಬರೆದು, ಅದನ್ನು ಕಟ್ಟಿದವರ ಕೈಗೆ ಕೊಡಿ. ಭದ್ರಾವತಿಯ ನನ್ನ ಸ್ನೇಹಿತರು ಮುಂದಿನ ಅರ್ಜಿಯನ್ನು ಯಾರನ್ನೂ ಕರೆಯದೆ ತಾವೇ ಕಳುಹಿಸುವಂತಾಗಲಿ ಎಂಬುದಷ್ಟೆ ನನ್ನ ಆಸೆ.