ವಾಟರ್ ಪಾರ್ಕಲ್ಲಿ ಬ್ಯಾಗ್ ಕಾಯುವುದು ಯಾರು?



ಇವತ್ತಿನ ವಿಷಯ ಸಣ್ಣದು ಅಂತ ಅನ್ನಿಸಬಹುದು. ರಜೆ ಬರ್ತದೆ. ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಯಾರೋ ಒಬ್ಬರು "ಮಕ್ಕಳನ್ನು ಕರ್ಕೊಂಡು ವಾಟರ್ ಪಾರ್ಕಿಗೆ ಹೋಗುವ" ಅಂತ ಹಾಕ್ತಾರೆ. ಹತ್ತು ಹೆಬ್ಬೆರಳು ಬೀಳ್ತದೆ. ಯಾವ ದಿನ, ಯಾರ ಕಾರು, ಟಿಕೆಟ್ ಎಷ್ಟು, ಎಲ್ಲ ಚರ್ಚೆ ಆಗ್ತದೆ. ಒಂದು ಪ್ರಶ್ನೆ ಮಾತ್ರ ಯಾರೂ ಕೇಳುವುದಿಲ್ಲ. ಅಲ್ಲಿ ಹೋದ ಮೇಲೆ ಬ್ಯಾಗ್ ಯಾರು ಹಿಡ್ಕೊಳ್ಳುವುದು?

ಯಾಕೆ ಕೇಳುವುದಿಲ್ಲ ಅಂದ್ರೆ ಉತ್ತರ ಎಲ್ಲರಿಗೂ ಗೊತ್ತುಂಟು. ಅಮ್ಮ. ಇಲ್ಲದಿದ್ದರೆ ಅಜ್ಜಿ. ಅವರಿಬ್ಬರೂ ಇಲ್ಲದಿದ್ದರೆ ಮದುವೆ ಆಗದ ಚಿಕ್ಕಮ್ಮ, ಅಂದ್ರೆ ನನ್ನಂಥವಳು.

ನಮ್ಮ ಕಡೆಯವರಿಗೆ, ಅಂದ್ರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯವರಿಗೆ, ಮಕ್ಕಳ ಜೊತೆ ಒಂದು ದಿನದ ಔಟಿಂಗ್ ಅಂದ ಕೂಡ್ಲೇ ನೆನಪಾಗುವುದು ಪಿಲಿಕುಳ. ಮೂಡಬಿದಿರೆಯಿಂದ ಎಡಪದವು, ಗಂಜಿಮಠ, ಕೈಕಂಬ, ಗುರುಪುರ ದಾಟಿದರೆ ವಾಮಂಜೂರು, ಅಲ್ಲಿಂದ ಸ್ವಲ್ಪ ಒಳಗೆ. ಬಂಟ್ವಾಳದವರು ಬಿ.ಸಿ. ರೋಡಿನಿಂದ ಪೊಳಲಿ ದಾರಿಯಲ್ಲಿ ಕೈಕಂಬಕ್ಕೆ ಬರಬಹುದು. ಬೆಳ್ತಂಗಡಿಯವರಿಗೆ ಗುರುವಾಯನಕೆರೆ, ವೇಣೂರು, ಮೂಡಬಿದಿರೆ ದಾರಿ ಉಂಟು. ಹೆಸರು ತುಳುವಿನದ್ದು, ಪಿಲಿ ಅಂದ್ರೆ ಹುಲಿ, ಹುಲಿಗಳು ನೀರಿಗೆ ಬರುತ್ತಿದ್ದ ಕೊಳ ಅಂತ ಅರ್ಥ. ಅಲ್ಲಿ ಬರೀ ಮಾನಸ ವಾಟರ್ ಪಾರ್ಕ್ ಮಾತ್ರ ಇರುವುದಲ್ಲ. ಮೃಗಾಲಯ ಉಂಟು, ಕೆರೆಯಲ್ಲಿ ಬೋಟಿಂಗ್ ಉಂಟು, ವಿಜ್ಞಾನ ಕೇಂದ್ರ ಉಂಟು, ಗುತ್ತಿನ ಮನೆ ಉಂಟು, 2018ರಲ್ಲಿ ಶುರುವಾದ ಸ್ವಾಮಿ ವಿವೇಕಾನಂದ ತಾರಾಲಯ ಉಂಟು. ಒಂದರಿಂದ ಇನ್ನೊಂದಕ್ಕೆ ನಡೀಬೇಕು. ಗುಡ್ಡ ಜಾಗ, ನಮ್ಮ ಕರಾವಳಿಯ ಸೆಕೆ, ಒಂದು ಕೈಯಲ್ಲಿ ಮೂರು ವರ್ಷದ ಮಗು, ಇನ್ನೊಂದು ಕೈಯಲ್ಲಿ ಬ್ಯಾಗ್. ಮಗು ಹತ್ತು ಹೆಜ್ಜೆ ನಡೆದು "ಎತ್ಕೋ" ಅಂತದೆ. ಆಗ ಬ್ಯಾಗ್ ಎಲ್ಲಿಗೆ ಹೋಗ್ಬೇಕು?

ಮೊದಲು ಆ ಬ್ಯಾಗಲ್ಲಿ ಎಂತ ಉಂಟು ನೋಡುವ. ನಾನು ಬಿ.ಕಾಂ. ಓದಿದವಳು, ಲೆಕ್ಕ ಹಾಕದೆ ಸಮಾಧಾನ ಆಗುವುದಿಲ್ಲ. ನಾಲ್ಕು ದೊಡ್ಡವರು, ಎರಡು ಮಕ್ಕಳು ಅಂತ ಇಟ್ಕೊಳ್ಳಿ. ಒಬ್ಬರಿಗೆ 1 ಲೀಟರ್ ನೀರು ಅಂದ್ರೆ 6 ಲೀಟರ್. 1 ಲೀಟರ್ ನೀರು ಅಂದ್ರೆ 1 ಕೆ.ಜಿ. ಅಲ್ಲಿಗೇ 6 ಕೆ.ಜಿ. ಆಯ್ತು, ಬಾಟಲಿ ತೂಕ ಬಿಟ್ಟು. ಮೇಲೆ ಆರು ಜನರ ಬದಲಿ ಬಟ್ಟೆ, ಆರು ಟವೆಲ್, ಡೈಪರ್, ಮಗುವಿನ ಊಟದ ಡಬ್ಬಿ, ಬನ್ಸು, ಚಿಪ್ಸ್, ಪೌಡರ್, ಬಾಚಣಿಗೆ, ಐದು ಫೋನ್, ಎರಡು ಪವರ್ ಬ್ಯಾಂಕ್. ಸಂಜೆಗೆ ನೀರು ಖಾಲಿ ಆಗ್ತದೆ, ಸರಿ. ಆದರೆ ಒದ್ದೆ ಬಟ್ಟೆ ಬರ್ತದೆ. ಹತ್ತಿಯ ಬಟ್ಟೆ ನೀರು ಕುಡಿದರೆ ಎಷ್ಟು ಭಾರ ಅಂತ ಬಟ್ಟೆ ಒಗೆದವರಿಗೆ ಗೊತ್ತು. ಹಾಗಾಗಿ ಬ್ಯಾಗ್ ಹಗುರ ಆಗುವುದೇ ಇಲ್ಲ.

ಇಲ್ಲೊಂದು ತಮಾಷೆ ಉಂಟು. ಶಾಲೆ ಮಕ್ಕಳ ಬ್ಯಾಗಿನ ತೂಕಕ್ಕೆ ಕರ್ನಾಟಕ ಸರ್ಕಾರ 2019ರಲ್ಲಿ ಆದೇಶವೇ ಮಾಡಿದೆ. 1 ಮತ್ತು 2ನೇ ತರಗತಿಗೆ ಒಂದೂವರೆಯಿಂದ 2 ಕೆ.ಜಿ., 3ರಿಂದ 5ಕ್ಕೆ 2ರಿಂದ 3 ಕೆ.ಜಿ., 9 ಮತ್ತು 10ಕ್ಕೆ ಹೆಚ್ಚೆಂದರೆ 5 ಕೆ.ಜಿ. ಒಳ್ಳೆಯ ಆದೇಶ. ಪಿಕ್‌ನಿಕ್ ದಿನ ಅಜ್ಜಿಯ ಹೆಗಲಿಗೆ ಬೀಳುವ ಬ್ಯಾಗಿಗೆ ಆದೇಶ ಮಾಡುವವರು ಯಾರೂ ಇಲ್ಲ. ಅದನ್ನು ನಾವೇ ಮಾಡ್ಕೊಳ್ಳಬೇಕು.

ಈಗ ಹಣದ ಲೆಕ್ಕಕ್ಕೆ ಬರುವ. "ಲಾಕರಿಗೆ ಯಾಕೆ ಸುಮ್ಮನೆ ದುಡ್ಡು, ಒಬ್ಬರು ಕೂತ್ಕೊಂಡ್ರೆ ಆಯ್ತಲ್ಲ" ಅಂತ ಒಂದು ಮಾತು ಎಲ್ಲ ಗ್ಯಾಂಗಲ್ಲೂ ಬರ್ತದೆ. ಸರಿ, ಲೆಕ್ಕ ಹಾಕುವ. ಉದಾಹರಣೆಗೆ ಒಂದು ಟಿಕೆಟ್ ₹800, ಲಾಕರ್ ₹150 ಅಂತ ಇಟ್ಕೊಳ್ಳಿ. ಇದು ಯಾವ ಪಾರ್ಕಿನ ರೇಟೂ ಅಲ್ಲ, ಲೆಕ್ಕಕ್ಕೆ ಮಾತ್ರ. ₹150 ಉಳಿಸಲಿಕ್ಕೆ ₹800ರ ಟಿಕೆಟ್ ತಗೊಂಡ ಒಬ್ಬರನ್ನು ಬೆಂಚಿನ ಮೇಲೆ ಕೂರಿಸ್ತೇವೆ. ಕಾಮರ್ಸ್ ಕ್ಲಾಸಲ್ಲಿ ಇದಕ್ಕೆ ಆಪರ್ಚುನಿಟಿ ಕಾಸ್ಟ್ ಅಂತ ಹೇಳಿಕೊಡ್ತಾರೆ. ಒಂದನ್ನು ಆರಿಸಿಕೊಂಡಾಗ ಕೈಬಿಟ್ಟದ್ದರ ಬೆಲೆ. ಅಮ್ಮನ ಮಟ್ಟಿಗೆ ಆ ಬೆಲೆಯನ್ನು ಯಾರೂ ಪುಸ್ತಕದಲ್ಲಿ ಬರೆಯುವುದಿಲ್ಲ, ಅಷ್ಟೇ.

ನಮ್ಮ ಮನೆಯದ್ದೇ ಒಂದು ಉದಾಹರಣೆ ಹೇಳ್ತೇನೆ. ಒಂದು ಮೇ ತಿಂಗಳಲ್ಲಿ ನಮ್ಮವರೆಲ್ಲ ಒಂದು ವಾಟರ್ ಪಾರ್ಕಿಗೆ ಹೋಗಿದ್ದರು. ನನಗೆ ಆಫೀಸ್, ನಾನಿರಲಿಲ್ಲ. ಸಂಜೆ ಗ್ರೂಪಿಗೆ ಫೋಟೋ ಬಂತು, ನೂರಕ್ಕೂ ಮೇಲೆ. ಅಣ್ಣ ಸ್ಲೈಡಲ್ಲಿ, ಅತ್ತಿಗೆ ವೇವ್ ಪೂಲಲ್ಲಿ, ಮಕ್ಕಳು ಎಲ್ಲ ಕಡೆ. ಅಮ್ಮ ಒಂದೇ ಒಂದು ಫೋಟೋದಲ್ಲಿ, ಅದೂ ಮೂಲೆಯಲ್ಲಿ. ಎರಡು ಬದಿಗೆ ಬ್ಯಾಗ್, ಮಡಿಲಲ್ಲಿ ನಾಲ್ಕು ಫೋನ್. ಫೋನ್ ಮಾಡಿ ಕೇಳಿದೆ, "ನೀವು ನೀರಿಗೆ ಇಳೀಲಿಲ್ವಾ?" "ಇಲ್ಲ ಮಗಾ, ನಂಗೆ ಅದೆಲ್ಲ ಆಗುದಿಲ್ಲ" ಅಂದ್ರು. ನನ್ನ ಅಮ್ಮ ಪಾಣೆಮಂಗಳೂರಲ್ಲಿ ಬೆಳೆದವರು. ನೇತ್ರಾವತಿಯಲ್ಲಿ ಈಜು ಕಲಿತವರು. ನಮ್ಮ ಇಡೀ ಮನೆಯಲ್ಲಿ ಸರಿಯಾಗಿ ಈಜಲಿಕ್ಕೆ ಬರುವುದು ಅವರೊಬ್ಬರಿಗೇ. ಆ ದಿನ ಮೊಣಕಾಲು ಆಳದ ನೀರಲ್ಲಿ ಉಳಿದವರೆಲ್ಲ ಕುಣಿದದ್ದು, ಈಜು ಬರುವವರು ಬ್ಯಾಗ್ ಕಾದದ್ದು.

ಯಾರೂ ಕೆಟ್ಟವರಲ್ಲ ಇಲ್ಲಿ. ಯಾರೂ ಅಮ್ಮನಿಗೆ "ನೀವು ಇಲ್ಲೇ ಕೂತ್ಕೊಳ್ಳಿ" ಅಂತ ಹೇಳಿಯೂ ಇಲ್ಲ. ಬ್ಯಾಗನ್ನು ಕೆಳಗೆ ಇಟ್ಟರು, ಮಕ್ಕಳು ಎಳೆದರು, ಓಡಿದರು. ಬ್ಯಾಗಿನ ಹತ್ತಿರ ಉಳಿದದ್ದು ಅಮ್ಮ.

ನೀವು ಹೇಳಬಹುದು, ನಮ್ಮ ಊರಲ್ಲಿ ಮೊದಲಿಂದಲೂ ಹೀಗೇ ಅಲ್ವಾ, ಜಾತ್ರೆಗೆ ಹೋದರೂ ಒಬ್ಬರು ಚೀಲ ನೋಡ್ಕೊಳ್ತಿದ್ದರು ಅಂತ. ಹೌದು. ಆದರೆ ಒಂದು ವ್ಯತ್ಯಾಸ ಉಂಟು. ಕಟೀಲು ಮೇಳದ ಆಟಕ್ಕೆ ಹೋದದ್ದು ನೆನಪು ಮಾಡ್ಕೊಳ್ಳಿ. ಗದ್ದೆಯಲ್ಲಿ ಚಾಪೆ ಹಾಸಿ ಕೂರ್ತಿದ್ದೆವು. ಚಾಪೆಯೇ ನಮ್ಮ ಮನೆ. ಮಕ್ಕಳು ಚರುಮುರಿ ತಿನ್ನಲಿಕ್ಕೆ ಓಡ್ತಾರೆ, ಚೌಕಿಗೆ ಇಣುಕಿ ಬರ್ತಾರೆ, ನಿದ್ದೆ ಬಂದ್ರೆ ಬಂದು ಮಲಗ್ತಾರೆ. ಚೀಲ ಕಾಯುವ ಅಜ್ಜಿ ಅಲ್ಲೇ ಕೂತಿರ್ತಾರೆ, ಆದರೆ ಅವರಿಗೆ ಪೂರ್ತಿ ಆಟ ಕಾಣ್ತದೆ. ಮಹಿಷಾಸುರನ ಪ್ರವೇಶ ತಪ್ಪುವುದಿಲ್ಲ. ವಾಟರ್ ಪಾರ್ಕಲ್ಲಿ ಬ್ಯಾಗ್ ಕಾಯುವವರಿಗೆ ಆಟ ಇಲ್ಲ. ಅಲ್ಲಿ ಆಡುವುದೇ ಆಟ, ಕೂತವರಿಗೆ ಕಾಣುವುದು ಬೇರೆಯವರ ಒದ್ದೆ ಚಪ್ಪಲಿ.

ದೊಡ್ಡ ಥೀಮ್ ಪಾರ್ಕಿನವರಿಗೆ ಈ ವಿಷಯ ಚೆನ್ನಾಗಿ ಗೊತ್ತುಂಟು. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ರೈಡರ್ ಸ್ವಿಚ್ ಅಂತ ಒಂದು ವ್ಯವಸ್ಥೆ ಉಂಟು. ಸಣ್ಣ ಮಗು ರೈಡಿಗೆ ಹೋಗುವ ಹಾಗಿಲ್ಲ ಅಂತಾದರೆ ಒಬ್ಬರು ಮಗುವಿನ ಜೊತೆ ಹೊರಗೆ ನಿಲ್ತಾರೆ, ಇನ್ನೊಬ್ಬರು ಹೋಗಿ ಬರ್ತಾರೆ. ಆಮೇಲೆ ಹೊರಗೆ ನಿಂತವರು ಮತ್ತೆ ಇಡೀ ಕ್ಯೂ ನಿಲ್ಲದೆ ಹೋಗಬಹುದು. ಯಾರಾದರೂ ಹೊರಗೆ ನಿಲ್ಲಲೇಬೇಕು ಅಂತ ಒಪ್ಪಿಕೊಂಡು, ಅವರಿಗೂ ಒಂದು ಸರದಿ ಇಟ್ಟಿದ್ದಾರೆ. ಒರ್ಲಾಂಡೋದ ಯೂನಿವರ್ಸಲ್‌ನಲ್ಲಿ ಕೆಲವು ದೊಡ್ಡ ರೈಡುಗಳಿಗೆ ಬ್ಯಾಗ್ ಹಿಡ್ಕೊಂಡು ಹೋಗುವಂತೆಯೇ ಇಲ್ಲ, ರೈಡ್ ಮುಗಿಯುವವರೆಗೆ ಸಣ್ಣ ಲಾಕರ್ ಫ್ರೀ. ನಮ್ಮ ಬಿಡದಿಯ ವಂಡರ್‌ಲಾದಲ್ಲೂ ಬಾಡಿಗೆ ಲಾಕರ್ ಉಂಟು, ಹೊರಗಿನ ತಿಂಡಿಗೆ ಪ್ರವೇಶ ಇಲ್ಲ, ನೀರಿಗೆ ಇಳಿಯಲಿಕ್ಕೆ ಸಿಂಥೆಟಿಕ್ ಬಟ್ಟೆಯೇ ಬೇಕು. ಹಾಗಾಗಿ ಹೋಗುವ ಮೊದಲು ಆ ಪಾರ್ಕಿಗೆ ಒಂದು ಫೋನ್ ಮಾಡಿ. ತಿಂಡಿ ಬಿಡ್ತಾರಾ, ಲಾಕರ್ ಉಂಟಾ, ಯಾವ ಬಟ್ಟೆ ಬೇಕು? ಮೂರು ಪ್ರಶ್ನೆ, ಎರಡು ನಿಮಿಷ. ಗೇಟಲ್ಲಿ ವಾಪಸ್ ಕಳಿಸುವ ಬನ್ಸನ್ನು ಮನೆಯಿಂದ ಹೊತ್ತುಕೊಂಡು ಹೋಗುವುದು ತಪ್ಪುತ್ತದೆ.

ಈಗ ಕೆಲಸಕ್ಕೆ ಬರುವ ಮಾತು. ಹೊರಡುವ ಮೊದಲು ಸಾಮಾನನ್ನು ಮೂರು ಪಾಲು ಮಾಡಿ.

ಮೊದಲನೇ ಪಾಲು, ಸಂಜೆಯವರೆಗೆ ಮುಟ್ಟಬೇಕಾಗಿಲ್ಲದ್ದು. ಬದಲಿ ಬಟ್ಟೆ, ಒಣ ಟವೆಲ್, ಪವರ್ ಬ್ಯಾಂಕ್. ಕಾರಲ್ಲಿ ಹೋದವರಿಗೆ ಡಿಕ್ಕಿಯೇ ಲಾಕರ್. ಕಾರಿಂದ ಇಳಿಸಲೇಬೇಡಿ. ಮೂಡಬಿದಿರೆ ಕಡೆಯಿಂದ ಪ್ರೈವೇಟ್ ಬಸ್ಸಲ್ಲಿ ಬಂದು ವಾಮಂಜೂರಲ್ಲಿ ಇಳಿಯುವವರಿಗೆ ಡಿಕ್ಕಿ ಇಲ್ಲ, ಅವರು ಲಾಕರ್ ದುಡ್ಡನ್ನು ಬಸ್ ಟಿಕೆಟಿನ ಹಾಗೆ ಮೊದಲೇ ಖರ್ಚಿಗೆ ಬರೆದಿಡಿ. ಮತ್ತೆ, ದಪ್ಪ ಟರ್ಕಿ ಟವೆಲ್ ಬಿಡಿ, ನಮ್ಮ ತೆಳು ಬೈರಾಸು ತಗೊಳ್ಳಿ. ಮಡಚಿದರೆ ಅಂಗೈಯಷ್ಟು, ಹಿಂಡಿ ಕೊಡವಿದರೆ ಬೇಗ ಒಣಗ್ತದೆ. ಒದ್ದೆ ಬಟ್ಟೆಗೆ ಎರಡು ದೊಡ್ಡ ತೊಟ್ಟೆ ಮರೀಬೇಡಿ.

ಎರಡನೇ ಪಾಲು ಮಗುವಿನದ್ದು. ಎರಡು ಡೈಪರ್, ಒಂದು ಜೊತೆ ಬಟ್ಟೆ, ಅದರ ಊಟ, ಅರ್ಧ ಲೀಟರ್ ನೀರು, ದಿನಾ ತಗೊಳ್ಳುವ ಮದ್ದಿದ್ದರೆ ಅದು. ಇದು ಹೆಗಲಿಗೆ ಹಾಕುವ ಸಣ್ಣ ಚೀಲದಲ್ಲಿ ಮುಗೀಬೇಕು. ಎರಡು ಕೈ ಖಾಲಿ ಇರಬೇಕು.

ಮೂರನೇ ಪಾಲು ಸೊಂಟಕ್ಕೆ ಕಟ್ಟುವ ವಾಟರ್‌ಪ್ರೂಫ್ ಪೌಚ್. ಒಂದು ಫೋನ್, ಲಾಕರ್ ಕೀ, ಕಾರಿನ ಕೀ, ₹500 ನಗದು. ಗೂಗಲ್ ಪೇ ಉಂಟಲ್ಲ ಅಂತೀರಿ. ಒದ್ದೆ ಬೆರಳಿಗೆ ಸ್ಕ್ರೀನ್ ಕೇಳುವುದಿಲ್ಲ, ನೆಟ್‌ವರ್ಕ್ ಯಾವಾಗ ಹೋಗ್ತದೆ ಹೇಳಲಿಕ್ಕೆ ಆಗುವುದಿಲ್ಲ. ಮತ್ತೆ ಫೋನಿನ ಹಾಗೆ ಕಾರಿನ ರಿಮೋಟ್ ಕೀಗೂ ನೀರು ಆಗುವುದಿಲ್ಲ.

ಈ ಮೂರರಲ್ಲಿ ಸೇರದ್ದು ಮನೆಯಲ್ಲೇ ಇರಲಿ. ತೂಗಿ ನೋಡಿ. ಮೊದಲನೇ ಪಾಲು ಬಿಟ್ಟು ಉಳಿದದ್ದು 3 ಕೆ.ಜಿ. ದಾಟಿದರೆ ಏನೋ ಹೆಚ್ಚಾಗಿದೆ ಅಂತ. ಐದಾರು ವರ್ಷದ ಮಗುವಿಗೆ ಅದರ ಟೊಪ್ಪಿ, ಅದರ ಬೈರಾಸು ಅದೇ ಹಿಡ್ಕೊಳ್ಳಲಿ, ಖುಷಿಯಲ್ಲೇ ಹಿಡ್ಕೊಳ್ತದೆ.

ಇಷ್ಟು ಮಾಡಿದರೂ ಕೆಲವೊಮ್ಮೆ ಒಬ್ಬರು ಕೂರಬೇಕಾಗ್ತದೆ. ಲಾಕರ್ ತುಂಬಿರ್ತದೆ, ಮಗು ಮಲಗಿರ್ತದೆ. ಆಗ ಸರದಿ ಮಾಡಿ. ಅರ್ಧ ಗಂಟೆಗೆ ಫೋನಲ್ಲಿ ಅಲಾರಾಂ ಇಡಿ. ಅಲಾರಾಂ ಹೊಡೆದ ಕೂಡ್ಲೇ ಜನ ಬದಲಿ. ಮೊದಲ ಸರದಿ ಮನೆಯ ಗಂಡಸರದ್ದೇ ಆಗಲಿ. ಯಾಕೆ ಅಂದ್ರೆ ಮೊದಲು ಕೂತವರನ್ನೇ ದಿನವಿಡೀ ಕೂರಿಸುವುದು ನಮಗೆಲ್ಲ ಅಭ್ಯಾಸ. "ನಂಗೆ ಆಗುದಿಲ್ಲ, ನೀವು ಹೋಗಿ" ಅಂತ ಅಮ್ಮ ಹೇಳಿದರೆ ಒಂದೇ ಸಲಕ್ಕೆ ನಂಬಬೇಡಿ. ಅವರ ಬಟ್ಟೆಯನ್ನೂ ಮೊದಲೇ ಪ್ಯಾಕ್ ಮಾಡಿ. ಎಷ್ಟೋ ಅಮ್ಮಂದಿರು ನೀರಿಗೆ ಇಳಿಯದಿರುವುದು ತನಗೆ ಬದಲಿ ಬಟ್ಟೆ ತರದ ಕಾರಣಕ್ಕೆ. ಆರು ಜನರ ಬಟ್ಟೆ ತುಂಬುವಾಗ ತನ್ನದನ್ನು ಬಿಟ್ಟಿರ್ತಾರೆ, ಬ್ಯಾಗ್ ಭಾರ ಆಗ್ತದೆ ಅಂತ.

ಕೊನೆಗೆ ಒಂದು ಮಾತು ಗಂಭೀರವಾಗಿ ಕೇಳಿ. ಬ್ಯಾಗ್ ನೋಡುವವರು ಮತ್ತು ನೀರಲ್ಲಿರುವ ಮಗುವನ್ನು ನೋಡುವವರು ಒಬ್ಬರೇ ಆಗಬಾರದು. ಸಿನಿಮಾದಲ್ಲಿ ತೋರಿಸುವ ಹಾಗೆ ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ ಹೋಗ್ತದೆ, ಮೊಣಕಾಲು ಆಳದ ನೀರಲ್ಲೂ ಹೋಗ್ತದೆ. "ಅಜ್ಜಿ ಅಲ್ಲೇ ಇದ್ದಾರಲ್ಲ, ನೋಡ್ಕೊಳ್ತಾರೆ" ಅಂತ ನಾವು ಬಿಟ್ಟು ಹೋಗ್ತೇವೆ. ಅಜ್ಜಿ ನಾಲ್ಕು ಫೋನ್, ಎರಡು ಬ್ಯಾಗ್ ನೋಡ್ತಾ ಇರ್ತಾರೆ. ಲೈಫ್‌ಗಾರ್ಡ್ ಇರಬಹುದು, ಆದರೆ ಅವರು ನೋಡುವುದು ಇಡೀ ಕೊಳವನ್ನು. ಸಣ್ಣ ಮಗುವಿನ ಹತ್ತಿರ, ಕೈಗೆ ಸಿಗುವಷ್ಟು ದೂರದಲ್ಲಿ, ನೀರಲ್ಲೇ, ಒಬ್ಬ ದೊಡ್ಡವರು ಇರಬೇಕು. ಅವರ ಕೈಯಲ್ಲಿ ಫೋನೂ ಇರಬಾರದು. ಮಗು ನೋಡುವ ಸರದಿ ಯಾರದ್ದು ಅಂತ ಬಾಯಿಬಿಟ್ಟು ಹೇಳಿ, "ಈಗ ನಿಂದು" ಅಂತ. ಎಲ್ಲರೂ ನೋಡ್ತಾ ಇದ್ದಾರೆ ಅಂತ ಅಂದ್ಕೊಂಡಾಗ ಯಾರೂ ನೋಡ್ತಾ ಇರುವುದಿಲ್ಲ.

ಬ್ಯಾಗ್ ಕಳೆದುಹೋದರೆ ಏನು ಹೋಗ್ತದೆ? ನಾಲ್ಕು ಅಂಗಿ, ಎರಡು ಬೈರಾಸು, ಒಂದು ಟಿಫಿನ್ ಡಬ್ಬಿ. ಅದಕ್ಕೆ ಒಬ್ಬ ಮನುಷ್ಯರ ಇಡೀ ದಿನ ಕೊಡುವಷ್ಟು ಬೆಲೆ ಇಲ್ಲ, ಮಗುವಿನ ಮೇಲಿನ ಕಣ್ಣು ತೆಗೆಯುವಷ್ಟಂತೂ ಇಲ್ಲವೇ ಇಲ್ಲ.

ಮುಂದಿನ ರಜೆಗೆ ಗ್ರೂಪಲ್ಲಿ ಪ್ಲಾನ್ ಶುರುವಾದಾಗ, ಟಿಕೆಟ್ ಬುಕ್ ಮಾಡುವ ಮೊದಲು ಒಂದು ಮೆಸೇಜ್ ಹಾಕಿ: "ಬ್ಯಾಗ್ ಯಾರು ಹಿಡ್ಕೊಳ್ಳುವುದು?" ಉತ್ತರ ಬರಲಿಕ್ಕೆ ಸ್ವಲ್ಪ ಹೊತ್ತಾಗಬಹುದು. ಎಂತ ಬಂತು ಅಂತ ನನಗೂ ಕಳಿಸಿ.