ಮೆಚ್ಚಿದವರ ತಕರಾರು
ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸಿನಲ್ಲಿ ಇಬ್ಬರು ಹಿರಿಯರು ವಾದಕ್ಕೆ ಬಿದ್ದಿದ್ದರು. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಯಾವ ಧ್ವನಿಮುದ್ರಿಕೆ ಸಪ್ಪೆ ಎಂಬುದೇ ತಕರಾರು.

‘ಅದರಾಗ ಜೀವಾನ ಇಲ್ರೀ’ ಎಂದರು ಒಬ್ಬರು.

‘ನೀವ ಸರಿಯಾಗಿ ಕೇಳಿಲ್ಲ ಬಿಡ್ರಿ’ ಎಂದರು ಇನ್ನೊಬ್ಬರು.

ಕುಮಾರರು ಹುಟ್ಟಿದ್ದು 1924ರಲ್ಲಿ, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಕ್ಷಯರೋಗದಿಂದ ವರ್ಷಗಟ್ಟಲೆ ಹಾಡು ನಿಂತಿತು. ಒಂದು ಶ್ವಾಸಕೋಶ ಕೆಟ್ಟಿತು. ಆಮೇಲೆ ಚಿಕ್ಕ ಉಸಿರಿಗೆ ಒಗ್ಗುವ ಗಾಯನವನ್ನೇ ಕಟ್ಟಿದರು. ಮಾಳವದ ಜನಪದ ಧಾಟಿಗಳಿಂದ ಹೊಸ ರಾಗ ತಂದರು.

ಹೊಸದಕ್ಕೆ ಕೈಹಾಕಿದವರದ್ದು ಎಲ್ಲವೂ ಗೆಲ್ಲುವುದಿಲ್ಲ. ಆದರೆ ಸಪ್ಪೆ ಯಾವುದು ಎನ್ನಲು ಎಲ್ಲವನ್ನೂ ಕೇಳಿರಬೇಕು. ಮನಸಾರೆ ಮೆಚ್ಚಿದವರಿಗೇ ಕುಂದು ಹೇಳುವ ಸಲಿಗೆ.

ಇಂದು ಮನೆಮಂದಿಯ ತಪ್ಪು ಎಣಿಸುವ ಮುನ್ನ ಯೋಚಿಸೋಣ. ಅವರ ಒಳ್ಳೆಯದನ್ನೂ ಅಷ್ಟೇ ಗಮನವಿಟ್ಟು ಕಂಡಿದ್ದೇವೆಯೇ?